ನಮ್ಮಿಬ್ಬರ ಗೋಡೆ ಇನ್ನೂ ಹಸಿ

ಆಗಸ್ಟ್ 18, ಸೋಮವಾರ

ನಮ್ಮೂರು ದೊಡ್ಡೇರಿಯ ಚರಿತ್ರೆಯಲ್ಲಿ ಇವತ್ತಿನ ದಿನವನ್ನು ಬೇರೆ ಯಾರೂ ದಾಖಲಿಸುವುದಿಲ್ಲ. ಹಾಗಾಗಿ ನಾನೇ ಬರೆದಿಡುತ್ತೇನೆ: ನಮ್ಮ ಅಡಿಗೆಮನೆ ಎರಡಾಗಲಿದೆ. ನಡುವೆ ಇಟ್ಟಿಗೆಯ ಗೋಡೆ. ಆ ಕಡೆ ಶ್ರೀಮತಿ ಸಿದ್ದಗಂಗಮ್ಮನವರು, ಅಂದರೆ ನನ್ನ ಗಂಡನ ತಾಯಿ. ಈ ಕಡೆ ಲೋಹಿತಾ, ಅಂದರೆ ನಾನು.

ಕಾರಣ ಬೆಳಗಿನ ಸಾರು. ನಾನು ಪಾವಗಡದ ಕಡೆಯವಳು. ನಮ್ಮಲ್ಲಿ ಮೆಣಸಿನಕಾಯಿ ಒಂದು ತರಕಾರಿ. ಇಲ್ಲಿ ಅದೊಂದು ಗಾಳಿಸುದ್ದಿ. ಅವರು ಒಂದು ತುತ್ತು ಬಾಯಿಗಿಟ್ಟು, ಕಣ್ಣೊರೆಸಿಕೊಂಡು ಕೇಳಿದರು: "ಇದ್ಯಾಕಮ್ಮ, ಸಾರು ಮಾಡಿದೀಯೋ, ಯಾರ್ ಮೇಲಾರ ಸೇಡು ತೀರಿಸ್ಕಂತಿದೀಯೋ?"

ನಾನು ಸುಮ್ಮನಿರಬಹುದಿತ್ತು. ಆದರೆ ಮಧುಗಿರಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ಕಾಲೇಜಿನಲ್ಲಿ ಅತಿಥಿ, ಮನೆಯಲ್ಲಿ ಉಪನ್ಯಾಸ ಕೇಳುವವಳು. ಯಾವುದಾದರೂ ಒಂದು ಕಡೆ ಬಾಯಿ ಬಿಡಬೇಕಲ್ಲ. "ನೀವು ಮಾಡೋದೂ ಸಾರಲ್ಲ ಬಿಡಿ ಅತ್ತೆ. ಬಿಸಿನೀರಿಗೆ ಬೇಳೆಯ ಪರಿಚಯ ಮಾಡಿಸಿ ಕಳಿಸ್ತೀರ" ಅಂದುಬಿಟ್ಟೆ.

ನನ್ನ ಗಂಡ ಹಾಲೇಶ್ ಹುಲಿಕುಂಟೆಯ ಕಡೆ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್. ಹಾಯುವ ಎಮ್ಮೆಯ ಮುಂದೆ ಸೂಜಿ ಹಿಡಿದು ನಿಲ್ಲುವ ಗಂಡಸು. ಇವತ್ತು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಓಡಿ, ಅಲ್ಲಿಂದಲೇ ಕೂಗಿದ: "ಮಧ್ಯ ಗೋಡೆ ಹಾಕಿಸ್ಬುಡ್ತೀನಿ. ಅವರವರ ಒಲೆ ಅವರವರಿಗೆ. ಆಗ್ಲಾ?"

"ಆಗ್ಲಿ" ಅಂದೆವು ಇಬ್ಬರೂ, ಒಂದೇ ಉಸಿರಿಗೆ. ಮದುವೆಯಾದ ಮೇಲೆ ನಾವಿಬ್ಬರೂ ಒಪ್ಪಿದ ಮೊದಲನೆಯ ವಿಷಯ ಇದು.

ವಿಜಯದಶಮಿಯ ದಿನ ನನ್ನ ಕಡೆಯ ಒಲೆಯಲ್ಲಿ ಹಾಲುಕ್ಕಿಸುವುದೆಂದು ನಿಶ್ಚಯವಾಗಿದೆ. ಅವತ್ತಿನಿಂದ ನನ್ನ ಉಪ್ಪು, ನನ್ನ ಖಾರ, ನನ್ನ ಕುಕ್ಕರಿನ ಸೀಟಿ. ಕನ್ನಡ ಎಂ.ಎ. ಓದಿದವಳಿಗೆ ಗೊತ್ತಿರುವ ಹಾಗೆ 'ಅತ್ತೆ' ನಾಮಪದವೂ ಹೌದು, ಭೂತಕಾಲದ ಕ್ರಿಯಾಪದವೂ ಹೌದು. ಮದುವೆಯಾದ ಹೊಸತರಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸುತ್ತಿದ್ದೆ. ಇನ್ನು ಮೇಲೆ ವ್ಯಾಕರಣ ಸುಲಭವಾಗಲಿದೆ.

ಆಗಸ್ಟ್ 24, ಭಾನುವಾರ

ಮಾರಣ್ಣ ಮೇಸ್ತ್ರಿ ಬಂದು ಅಡಿಗೆಮನೆಯ ನಡುವೆ ದಾರ ಕಟ್ಟಿ ಪಾಯ ತೆಗೆಸಿದ. ಜೊತೆಗೆ ಮಣ್ಣು ಹೊರಲು, ಗಾರೆ ಕಲಸಲು, ಊರಿನ ಸಮಾಚಾರ ಹಂಚಲು ಕರಿಯಕ್ಕ. ಮೂರನೆಯ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.

ನಮ್ಮ ಅಡಿಗೆಮನೆ ಮಾವನವರು ಬದುಕಿದ್ದಾಗ ಕಟ್ಟಿಸಿದ್ದು, ಮದುವೆ ಮನೆಯ ಅಡಿಗೆಗೂ ಸಾಕಾಗುವಷ್ಟು ಉದ್ದ. ಪಡಸಾಲೆಯ ಬಾಗಿಲು ಒಂದು ತುದಿಗೆ, ಹಿತ್ತಿಲ ಬಾಗಿಲು ಇನ್ನೊಂದು ತುದಿಗೆ. ಪಡಸಾಲೆ ಸಿದ್ದಗಂಗಮ್ಮನವರಿಗೆ, ಹಿತ್ತಿಲು ನನಗೆ. ಗೋಡೆ ಎದ್ದ ಮೇಲೆ ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಮನೆ ಸುತ್ತಿ ಬರಬೇಕು. ಅದೇ ಅದರ ಸೊಗಸು.

ಒಂದೇ ತಕರಾರು ಬಂದದ್ದು ಕಟ್ಟೆಯದು. ಅಡಿಗೆಯ ಕಟ್ಟೆಯ ಮೇಲೆ ಉದ್ದಕ್ಕೂ ಒಂದೇ ಕಡಪ ಕಲ್ಲು ಹಾಸಿದೆ. ಗೋಡೆ ಬರುವಲ್ಲಿ ಅದನ್ನು ಕತ್ತರಿಸಬೇಕೆಂದ ಮಾರಣ್ಣ. "ನಮ್ಮೆಜಮಾನ್ರು ಎತ್ತಿನ ಗಾಡೀಲಿ ತಂದಿದ್ದು ಅದು. ಮುಟ್ಟುದ್ರೆ ನೋಡು" ಅಂದರು ಅವರು. ಹಾಗಾಗಿ ಆ ಜಾಗದಲ್ಲಿ ಮಾತ್ರ ಗೋಡೆ ಕಲ್ಲಿನ ಮೇಲೆ ಹತ್ತಿ ನಿಲ್ಲುತ್ತದೆ. ಕಲ್ಲಿಗೂ ಪಕ್ಷಪಾತವಿಲ್ಲ, ಅರ್ಧ ಆ ಕಡೆ, ಅರ್ಧ ಈ ಕಡೆ.

ಆಮೇಲೆ ನನ್ನ ಪಾಂಡಿತ್ಯದ ಸರದಿ. ಪಾವಗಡದಲ್ಲಿ ನಮ್ಮದು ಮಾಳಿಗೆ ಮನೆ. ಮಳೆಗೆ ಮುಂಚೆ ಅಪ್ಪ ಮಾಳಿಗೆಯ ಮೇಲೆ ಕರಲು ಮಣ್ಣು ಹರಡಿಸುತ್ತಾರೆ. ಚೌಳು ನೆಲದ ಬೂದು ಮಣ್ಣು ಅದು. ನೀರು ಬಿದ್ದರೆ ಅಂಟಂಟಾಗಿ ಹೆಪ್ಪುಗಟ್ಟಿ ಕೂರುತ್ತದೆ, ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. "ಪಾಯದ ಎರಡು ಪಕ್ಕಕ್ಕೂ ಕರಲು ತುಂಬಿಸೋಣ ಮಾರಣ್ಣ. ನೀರು ಗೋಡೆ ಹತ್ತಿರಕ್ಕೂ ಬರಲ್ಲ" ಅಂದೆ.

"ಮೇಡಮ್ಮೋರ ತಲೆ ಅಂದ್ರೆ ತಲೆ!" ಎಂದ ಮಾರಣ್ಣ. ಅವನು ಹುಟ್ಟಿದ್ದೂ ಮಾಳಿಗೆ ಮನೆಯಲ್ಲೇ. ಆ ಕಡೆಯಿಂದ ಅವರು ಕೂಡ, ಅಕ್ಕಿ ಆರಿಸುತ್ತಲೇ, "ಅದೊಂದು ಸರ್ಯಾಗ್ ಹೇಳಿದ್ಲು ಬುಡು" ಅಂದರು. ನಾವಿಬ್ಬರೂ ಒಪ್ಪಿದ ಎರಡನೆಯ ವಿಷಯ.

ನೆಲದ ಮಟ್ಟಕ್ಕೆ ತೇವ ತಡೆಯುವ ಬೆಲ್ಟು ಅಂತ ಒಂದು ಹಾಕುತ್ತಾರಂತೆ. ಅದನ್ನು ಮಾರಣ್ಣನೇ ತಳ್ಳಿಹಾಕಿದ. "ಒಳಗೋಡೆಗೆ ಯಾವ್ ಮಳೆ ಬರ್ತದೆ ಮೇಡಂ? ಮೇಲಾಗಿ ನಿಮ್ ಕರಲು ಕಾವಲಿಗೈತಲ್ಲ."

ಪಾಯ ಮುಗಿಯಿತು. ಅಪಾಯ ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 1, ಸೋಮವಾರ

ಗಣೇಶನನ್ನು ನೀರಿಗೆ ಬಿಟ್ಟಾಯಿತು. ಈಗ ಇಟ್ಟಿಗೆಗಳನ್ನು ನೀರಿಗೆ ಬಿಡುವ ಕೆಲಸ. ಒಣ ಇಟ್ಟಿಗೆ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಹೀರಿಕೊಂಡು ಗಾರೆ ಬಿಗಿಯದಂತೆ ಮಾಡುತ್ತದಂತೆ. ಗುಳುಗುಳು ಸದ್ದು ಮಾಡುತ್ತಾ ತೊಟ್ಟಿಯಲ್ಲಿ ಮುಳುಗಿದವು. "ನೋಡವ್ವ, ಬಾಯಾರ್ಕೆ ಅಂದ್ರೆ ಇದು" ಎಂದಳು ಕರಿಯಕ್ಕ.

ಮಾರಣ್ಣ ಒಂದು ಕಡ್ಡಿಯಂಥದ್ದನ್ನು ಇಟ್ಟಿಗೆಯ ಸಾಲಿನ ಮೇಲಿಟ್ಟು ಒಳಗಿನ ಗುಳ್ಳೆಯನ್ನು ನೋಡುತ್ತಾನೆ. ಅದರ ಹೆಸರು ರಸಮಟ್ಟ. ಒಂಬತ್ತು ರಸಗಳ ಮೇಲೆ ಪ್ರಬಂಧ ಬರೆದವಳು ನಾನು. ಹತ್ತನೆಯದು ಮೇಸ್ತ್ರಿಯ ಚೀಲದಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇಟ್ಟಿಗೆಯ ವರಸೆಯ ಮೇಲೆ ವರಸೆ ಏರಿದ ಹಾಗೆ ಆ ಕಡೆ ಸಿದ್ದಗಂಗಮ್ಮನವರು ಕಡಿಮೆಯಾಗುತ್ತಾ ಹೋದರು. ಮೊದಲು ಸೀರೆಯ ಅಂಚು ಹೋಯಿತು. ಆಮೇಲೆ ಸೊಂಟದ ಬೀಗದ ಕೈ. ಮಧ್ಯಾಹ್ನದ ಹೊತ್ತಿಗೆ ಮೊಣಕೈ. ಸಂಜೆ ಮುಖವೊಂದೇ ಉಳಿದಿತ್ತು, ಹಣೆಯ ಮೇಲೆ ವಿಭೂತಿ. ಆ ಮುಖ ನನ್ನನ್ನು ನೋಡಿ, "ಹಾಲಿಗೆ ಹೆಪ್ಪು ಹಾಕಿದ್ಯಾ?" ಎಂದು ಕೇಳಿತು. ಹಾಕಿದ್ದೇನೆ ಅಂದೆ. ಇನ್ನೊಂದು ವರಸೆ ಬಿತ್ತು.

ಈಗ ಅವರ ಕೆಮ್ಮು ಮಾತ್ರ ಕೇಳಿಸುತ್ತದೆ. ಎಂಥ ನೆಮ್ಮದಿ.

ಸೆಪ್ಟೆಂಬರ್ 5, ಶುಕ್ರವಾರ

ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕು, ಸಾಕು ಅನ್ನುವ ತನಕ. ಮಾರಣ್ಣ ನನಗೂ ಹೇಳಿದ, ಮನೆ ಸುತ್ತಿ ಹೋಗಿ ಅವರಿಗೂ ಹೇಳಿದ. ಅವರು ಹಾಕುವುದಿಲ್ಲ, ನನಗೆ ಗೊತ್ತು. ಇದು ನನ್ನ ಗೋಡೆ, ನಾನೇ ನೋಡಿಕೊಳ್ಳಲಿ ಎಂಬ ಧೋರಣೆ. ಆದ್ದರಿಂದ ಅವರ ಪಾಲಿನ ನೀರನ್ನೂ ನಾನೇ ಹೊಡೆಯುತ್ತಿದ್ದೇನೆ.

ಸೆಪ್ಟೆಂಬರ್ 9, ಮಂಗಳವಾರ

ಗಿಲಾವು ಮುಗಿಯಿತು. ಗೋಡೆ ನುಣ್ಣಗೆ, ಈಗತಾನೆ ಕ್ಷೌರ ಮಾಡಿಸಿಕೊಂಡ ಮದುಮಗನ ಹಾಗಿದೆ.

ದಶಮಿಯವರೆಗೆ ಹೊಸ ಒಲೆ ಹಚ್ಚುವಂತಿಲ್ಲ. ಆದರೆ ಕರೆಂಟಿನ ಒಲೆ ತಂದಿಟ್ಟುಕೊಂಡು ಅಡಿಗೆ ಶುರು ಮಾಡಿದ್ದೇನೆ. ಬೆಂಕಿ ಕಾಣದಿದ್ದರೆ ಅದು ಒಲೆಯಲ್ಲ ಎಂದು ಆ ಕಡೆಯಿಂದಲೇ ತೀರ್ಪು ಬಂತು. ಹಾಲೇಶ್ ಎರಡೂ ಕಡೆ ಉಣ್ಣುತ್ತಾನೆ. ಯಾವ ಕಡೆ ಬೇಡ ಅಂದರೂ ಯುದ್ಧ. ಪ್ಯಾಂಟಿನ ಗುಂಡಿ ಮೊದಲ ಹುತಾತ್ಮ.

ಸೆಪ್ಟೆಂಬರ್ 16, ಮಂಗಳವಾರ

ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಾಣಿಸಿಕೊಂಡಿದೆ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಅಡ್ಡಡ್ಡ ಮೂರು ಪಟ್ಟೆ. ನಮ್ಮ ಮನೆಗೆ ಬಂದವರೆಲ್ಲ ವಿಭೂತಿ ಧರಿಸಲೇಬೇಕೆಂದು ಗೋಡೆಗೆ ಯಾರೋ ಹೇಳಿರಬೇಕು. ಅದರ ಕೆಳಗೆ ಗಿಲಾವು ಹಪ್ಪಳದ ಹಾಗೆ ಉಬ್ಬಿದೆ. ಒತ್ತಿದೆ. ಮುರಿಯಿತು.

ದಶಮಿಗೆ ಹೆಚ್ಚು ದಿನವಿಲ್ಲ. ಉದುರುವ ಗೋಡೆಯ ಮುಂದೆ ಹಾಲುಕ್ಕಿಸಿದರೆ ಊರೆಲ್ಲ ಏನನ್ನುತ್ತದೆ? "ಬೇರೆ ಹೋದಳು, ಗೋಡೆಯೇ ನಿಲ್ಲಲಿಲ್ಲ."

ಸೆಪ್ಟೆಂಬರ್ 17, ಬುಧವಾರ

ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದ ಸದ್ದು. ತೆಗೆದರೆ ಅವರು. ಮನೆ ಸುತ್ತಿ ಬಂದಿದ್ದಾರೆ. ಅಂಗೈಯಲ್ಲಿ ತಮ್ಮ ಕಡೆಯ ಗೋಡೆಯ ಚಕ್ಕೆ.

"ನಿನ್ ಕಡೇನೂ ಇಂಗೇ ಐತಾ?"

"ಇದೆ."

ಒಳಗೆ ಬಂದು, ನನ್ನ ಗೋಡೆಯಿಂದ ಒಂದು ಚಕ್ಕೆ ಕಿತ್ತು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನಾಲಿಗೆಯ ತುದಿಗೆ ಮುಟ್ಟಿಸಿದರು. ಕಣ್ಣು ಮುಚ್ಚಿ ರುಚಿ ನೋಡಿದರು.

"ಉಪ್ಪು ಕಣಮ್ಮ. ನೀನ್ ಸಾರಿಗಾಕಾದ್ಕಿಂತ ಒಂದ್ ಚಿಟಿಕೆ ಕಮ್ಮಿ."

ನಗು ಬಂತು. ಬಂದದ್ದನ್ನು ತೋರಿಸಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಕೊರಟಗೆರೆಯಿಂದ ರಾಜಲಕ್ಷ್ಮಮ್ಮ ಬಂದಿದ್ದರು. ಅವರು ಸಿದ್ದಗಂಗಮ್ಮನವರ ವಾರಗಿತ್ತಿ, ಅಂದರೆ ಹಾಲೇಶನ ಚಿಕ್ಕಮ್ಮ. ಯಾರ ಮನೆಯಲ್ಲಿ ಏನು ಬಿರುಕು ಬಿಟ್ಟರೂ ಮೊದಲ ಬಸ್ಸಿಗೆ ಬರುವವರು. ಗೋಡೆ ನೋಡಿ ಅವರ ಮುಖ ಹಬ್ಬದ ಹೋಳಿಗೆಯಂತೆ ಅರಳಿತು.

"ಪಾಯಕ್ಕೆ ಕರಲು ತುಂಬ್ಸಿದ್ರಂತೆ? ಕರಲು ಅಂದ್ರೆ ಉಪ್ಪಿನ ಮಣ್ಣಲ್ವೇನಮ್ಮ! ಮಾಳಿಗೆ ಮೇಲಾದ್ರೆ ಬಿಸ್ಲಿಗೆ ಒಣಗ್ತದೆ. ನೆಲದೊಳಗೆ ಹೂತ್ರೆ ಆ ಉಪ್ಪೆಲ್ಲ ಎಲ್ಗೋಗ್ಬೇಕು? ಇದ್ಯಾರ್ ಬುದ್ಧೀನಪ್ಪ?" ಎನ್ನುತ್ತಾ ನೇರ ನನ್ನ ಕಡೆ ತಿರುಗಿದರು. "ಓದ್ದೋರ್ಗೇ ಒಳೀಬೇಕು ಇಂಥದ್ದು."

ನಾನು ಬಾಯಿ ತೆರೆಯುವ ಮೊದಲೇ ಸಿದ್ದಗಂಗಮ್ಮನವರು ಹೇಳಿದರು: "ಅವಳಲ್ಲ, ನಾನು. ನಾನೇ ತುಂಬ್ಸಿದ್ದು. ಪಾಪ ಅವಳು ಬ್ಯಾಡ ಅತ್ತೆ, ಬ್ಯಾಡ ಅತ್ತೆ ಅಂತ ಬಡ್ಕಂಡ್ಲು. ನಾನೇ ಕೇಳ್ಲಿಲ್ಲ."

ನೋಡಿ ಎಂಥ ಹೆಂಗಸು! ಕರಲು ಪೂರ್ತಿ ನನ್ನ ಐಡಿಯಾ. ಯೋಚಿಸಿದವಳು ನಾನು, ವಾದಿಸಿದವಳು ನಾನು. ಒಳ್ಳೆಯದಾಗಿದ್ದರೆ ಸರಿ, ಕೆಟ್ಟದಕ್ಕೂ ನನ್ನ ಹೆಸರು ಬರದಂತೆ ಎತ್ತಿಕೊಂಡುಬಿಟ್ಟರು. ತಪ್ಪಿನಲ್ಲೂ ಪಾಲು ಕೊಡದವರು. ರಾಜಲಕ್ಷ್ಮಮ್ಮ ಹೋಗುವವರೆಗೂ ವಾರಗಿತ್ತಿಯ ಹತ್ತಿರ ಬೈಸಿಕೊಳ್ಳುತ್ತಾ ಕೂತಿದ್ದರು.

ನನಗೆ ಎಷ್ಟು ಕೋಪ ಬಂತೆಂದರೆ ಸಂಜೆಯ ಕಾಫಿಯನ್ನು ಅವರ ಕಡೆಗೇ ಹೋಗಿ ಕುಡಿದೆ. ಕೋಪವನ್ನು ಎದುರಿಗೆ ಕೂತು ತೋರಿಸದಿದ್ದರೆ ಗೊತ್ತಾಗುವುದಾದರೂ ಹೇಗೆ?

ಸೆಪ್ಟೆಂಬರ್ 20, ಶನಿವಾರ

ಮಾರಣ್ಣನ ಔಷಧ: ಒಂದು ಡಬ್ಬಿ ವಾಟರ್‌ಪ್ರೂಫ್ ಬಣ್ಣ. ಗೋಡೆಯ ಬುಡಕ್ಕೆ ಎರಡೂ ಕಡೆಯಿಂದ ಮೊಣಕಾಲೆತ್ತರ ಬಳಿದ. "ಇನ್ನೇನ್ ಕಾವೇರಿನೇ ಬಂದ್ರೂ ಆಚೆ ಬರಾಕಿಲ್ಲ" ಎಂದು ಕೈ ತೊಳೆದುಕೊಂಡ. ಸಂಜೆ ನಾನು ಎಂದಿನಂತೆ ನೀರು ಹೊಡೆದೆ.

ಸೆಪ್ಟೆಂಬರ್ 24, ಬುಧವಾರ

ಆಚೆ ಬರಲಿಲ್ಲ ನಿಜ. ಮೇಲೆ ಹತ್ತಿತು. ಬಣ್ಣ ಬಳಿದದ್ದು ಎಲ್ಲಿಗೆ ಮುಗಿಯುತ್ತದೋ ಅದರ ಮೇಲಿನಿಂದ ಒದ್ದೆ ಶುರು. ಒದ್ದೆಯ ಮೇಲೆ ಉಪ್ಪಿನ ಹೂವು. ಒಳಗಿದ್ದ ನೀರಿಗೆ ಪಕ್ಕದ ಬಾಗಿಲು ಮುಚ್ಚಿದರೆ ಅದು ಮಹಡಿ ಹತ್ತಿದೆ.

ಪಾವಗಡದಿಂದ ಅಮ್ಮನ ಫೋನು. "ಏಮ್ಮಾ, ಗೋಡ ಒಣಗ್ತಾ? ಹಾಲುಕ್ಸಾಕೆ ನಾವೆಲ್ಲ ಬರ್ಬೇಕಾ?" ನೋಡೋಣಮ್ಮ ಅಂದೆ. "ಅತ್ತೆ ಏನಾರ ಅಂದ್ರಾ?" ಎಂದು ಕೇಳಿದಳು. "ಅಂತಿಲ್ಲ, ಅದೇ ಸಮಸ್ಯೆ" ಅಂದೆ.

ಸೆಪ್ಟೆಂಬರ್ 25, ಗುರುವಾರ

ಇವತ್ತು ದೊಡ್ಡದಾಗಿ ಬರೆಯಬೇಕು.

ಬೆಳಿಗ್ಗೆ ಅತ್ತೆಯ ಕಡೆ ಕಾಫಿಗೆ ಹೋಗಿದ್ದೆ. (ಆ ಕೋಪ ಇನ್ನೂ ಮುಗಿದಿಲ್ಲ.) ನವರಾತ್ರಿಯಾದ್ದರಿಂದ ದೇವರ ಜಗಲಿಯ ಮೇಲೆ ದೀಪ ಉರಿಯುತ್ತಿತ್ತು. ಅತ್ತೆ ಒಣ ಬತ್ತಿಯೊಂದನ್ನು ಎಣ್ಣೆಗೆ ಇಟ್ಟರು. ತಳ ಮಾತ್ರ ಎಣ್ಣೆಯಲ್ಲಿತ್ತು. ನೋಡನೋಡುತ್ತಿದ್ದಂತೆ ತುದಿಯೂ ನೆನೆಯಿತು.

"ಅತ್ತೆ, ಅದು ಹತ್ತಿತು ನೋಡಿ."

"ಬತ್ತಿ ಅಂದ್ಮೇಲೆ ಹತ್ತದೇ ಇರ್ತದಾ?"

"ನಮ್ಮ ಗೋಡೇನೂ ಬತ್ತಿನೇ ಅಲ್ವಾ?"

ಅವರು ಬತ್ತಿ ನೋಡಿದರು. ಗೋಡೆ ನೋಡಿದರು. ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ಇಬ್ಬರೂ ಅಂಗೈಯಲ್ಲಿ ಗೋಡೆಯನ್ನು ಒತ್ತುತ್ತಾ, ಜ್ವರ ನೋಡುವವರ ಹಾಗೆ, ತುದಿಯಿಂದ ತುದಿಗೆ ಹೋದೆವು. ಎಲ್ಲ ಕಡೆ ತಣ್ಣಗೆ, ಒದ್ದೆ. ಅಡಿಗೆ ಕಟ್ಟೆಯ ಹತ್ತಿರ ಬಂದಾಗ ನನ್ನ ಕೈ ನಿಂತಿತು. ಕಡಪ ಕಲ್ಲಿನ ಮೇಲೆ ಎದ್ದಿರುವ ಆ ಒಂದು ತುಂಡು ಗೋಡೆ ಒಣಗಿ ಬೆಚ್ಚಗಿತ್ತು. ಒಂದು ಚೂರು ಉಪ್ಪಿಲ್ಲ. ಕಲ್ಲಿನ ಕೆಳಗೆ ಒದ್ದೆ, ಮೇಲೆ ಒಣ.

"ನಮ್ಮೆಜಮಾನ್ರು ತಂದ ಕಲ್ಲು" ಎಂದರು ಅತ್ತೆ, ಮಾವನವರೇ ಅಡ್ಡ ಮಲಗಿ ನೀರನ್ನು ತಡೆದ ಹಾಗೆ.

ಆದರೆ ನೀರು ಎಲ್ಲಿಂದ? ಕರಲಿನಲ್ಲಿ ಉಪ್ಪಿತ್ತು, ಸರಿ. ಒಳಗೋಡೆಗೆ ಮಳೆ ಬೀಳುವುದಿಲ್ಲ. ನಾನು ನನ್ನ ಸದ್ಗುಣವನ್ನು ಒಪ್ಪಿಸುವ ಸಂದರ್ಭ ಬಂತೆಂದು ಹೇಳಿದೆ: "ಮಾರಣ್ಣ ಹೇಳಿದ ಹಾಗೆ ನಾನಂತೂ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹೊಡೀತಾ ಇದೀನಿ. ನಿಮ್ಮ ಪಾಲಿಂದೂ ಸೇರಿಸಿ."

ಅತ್ತೆಯ ಮುಖ ಒಂಥರಾ ಆಯಿತು. "ನೀನೂ ಹಾಕ್ತಿದ್ದಾ?"

"ನೀವೂ ಹಾಕ್ತಿದ್ರಾ?"

"ನೀನೆಲ್ಲಿ ಹಾಕೀಯ, ಕಾಲೇಜಿಗೆ ಓಡೋಳು, ಅಂದ್ಬುಟ್ಟು ನಿನ್ ಪಾಲ್ದೂವೆ ನಾನೇ ಸುರೀತಿದ್ದೆ ಕಣೇ!"

ಮಾರಣ್ಣ ಸಾಕು ಎನ್ನಲು ಮರೆತಿದ್ದ. ನಾವು ಕೇಳಲಿಲ್ಲ. ಗೋಡೆ ನಾಲ್ಕು ಜನದ ನೀರು ಕುಡಿಯುತ್ತಾ ನಿಂತಿತ್ತು. ಬುಡದ ಕರಲು ಮಣ್ಣು ತನ್ನ ಧರ್ಮ ಬಿಡದೆ ಒಂದು ಹನಿಯನ್ನೂ ಕೆಳಗಿಳಿಯಲು ಬಿಡದೆ, ಎಲ್ಲವನ್ನೂ ಉಪ್ಪು ಬೆರೆಸಿ ಗೋಡೆಗೇ ಕುಡಿಸಿತ್ತು.

"ಅಯ್ಯೋ ಶಿವನೆ! ಇಬ್ರೂ ಸೇರ್ಕಂಡು ಗೋಡೆಗೆ ಬಾಣಂತನ ಮಾಡಿದೀವಲ್ಲೇ" ಎಂದು ಅತ್ತೆ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಸಾರು ತಿಂದಾಗ ಬಂದದ್ದಕ್ಕಿಂತ ಹೆಚ್ಚು. ನಾನು ಕಾಲೇಜಿಗೆ ತಡವಾಗಿ ಹೋದೆ.

ಸೆಪ್ಟೆಂಬರ್ 26, ಶುಕ್ರವಾರ

ಮಾರಣ್ಣನಿಗೆ ಕಟ್ಟೆಯ ಕಲ್ಲು ತೋರಿಸಿದೆವು. ತಲೆ ಕೆರೆದುಕೊಂಡು, "ಇಂಗೇ ಒಂದ್ ಗೋಡೆ ಸಿರಾದಾಗೆ ಸರಿ ಮಾಡಿದ್ದೆ" ಎಂದ. ನನಗೆ ನಂಬಿಕೆಯಿಲ್ಲ. ಆದರೂ ಉಪಾಯ ಚೆನ್ನಾಗಿದೆ: ಬುಡದ ಕರಲನ್ನೆಲ್ಲ ಅಗೆದು ತೆಗೆದು ಜಲ್ಲಿ ಮರಳು ತುಂಬುವುದು. ಗೋಡೆಯ ಬುಡದಲ್ಲಿ ಒಂದೊಂದು ಮೊಳದಷ್ಟು ಮಾತ್ರ ಇಟ್ಟಿಗೆ ಬಿಚ್ಚಿ, ಕಡಪ ಕಲ್ಲಿನ ಪಟ್ಟಿ ತೂರಿಸಿ, ಮೇಲೆ ಗಟ್ಟಿ ಗಾರೆಯಲ್ಲಿ ಇಟ್ಟಿಗೆ ಕೂರಿಸುವುದು. ಅದು ಬಿಗಿದ ಮೇಲೆ ಪಕ್ಕದ ಮೊಳ. ಒಂದೇ ಸಲ ಬಿಚ್ಚಿದರೆ ಗೋಡೆ ನಮ್ಮ ಪಾದಕ್ಕೆ ಬಿದ್ದು ಕ್ಷಮೆ ಕೇಳುತ್ತದೆ.

ಮೊದಲ ಮೊಳ ಇವತ್ತು ಬಿಚ್ಚಿದ. ನೆಲದ ಮಟ್ಟಕ್ಕೆ ಒಂದು ಕಿಂಡಿ. ಈಳಿಗೆಮಣೆಯ ಮುಂದೆ ಕೂತಿದ್ದೆ. ಕಿಂಡಿಯ ಆಚೆ ಒಂದು ಪಾದ ಕಂಡಿತು. ಹಿಮ್ಮಡಿ ನಮ್ಮ ಗಿಲಾವಿಗಿಂತ ಕೆಟ್ಟದಾಗಿ ಒಡೆದಿದೆ, ಬಿರುಕಿನೊಳಗೆ ಅರಿಶಿನ. ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಎದುರಿಗಿದ್ದಾಗ ಯಾರು ಪಾದ ನೋಡುತ್ತಾರೆ?

ನನ್ನ ಮುಲಾಮಿನ ಟ್ಯೂಬನ್ನು ಕಿಂಡಿಯಿಂದ ತಳ್ಳಿದೆ.

"ಏನೇ ಇದು, ಹಲ್ಲುಜ್ಜಾದಾ?"

"ಹಿಮ್ಮಡಿಗೆ ಅತ್ತೆ."

ಮುಚ್ಚಳ ತಿರುಗಿಸಿದ ಸದ್ದು. ಆಮೇಲೆ, "ಗಮ್ ಅಂತದೆ."

ಸೆಪ್ಟೆಂಬರ್ 29, ಸೋಮವಾರ

ಕಿಂಡಿ ದಿನಾ ಜರುಗುತ್ತದೆ. ಮೊನ್ನೆ ರಾಗಿ ಡಬ್ಬಿಯ ಹತ್ತಿರವಿತ್ತು, ನಿನ್ನೆ ನೀರಿನ ಕೊಡದ ಪಕ್ಕ, ಇವತ್ತು ಮಧ್ಯಕ್ಕೆ ಬಂದಿದೆ. ನನ್ನ ಈಳಿಗೆಮಣೆಯೂ ಜೊತೆಗೇ ಜರುಗುತ್ತಿದೆ, ಅಲ್ಲಿ ಬೆಳಕು ಚೆನ್ನಾಗಿರುವುದರಿಂದ.

ಬೆಳಿಗ್ಗೆ ಕಿಂಡಿಯಿಂದ ಒಂದು ಖಾಲಿ ಬಟ್ಟಲು ಬಂತು. "ಲೋಯ್ತಾ, ಮೂಗು ಕಟ್ಟೈತೆ. ಆ ನಿನ್ ಉರಿ ಸಾರು ಒಂದ್ ಸೌಟು ಹಾಕು. ರುಚಿಗಲ್ಲ, ಔಷ್ದಕ್ಕೆ." ಹಾಕಿದೆ. ಮಧ್ಯಾಹ್ನ ಬಟ್ಟಲು ತೊಳೆದು ವಾಪಸ್ಸು ಬಂತು, ತುಂಬ ಅವರ ಸಪ್ಪೆ ಸಾರು. ನನಗೆ ಹೊಟ್ಟೆಯುರಿ ಇತ್ತು, ಅಂದರೆ ವೈದ್ಯಕೀಯ ಅರ್ಥದಲ್ಲಿ. ತಂಪಾಯಿತು. ಸಂಜೆ ಮತ್ತೆ ಬಟ್ಟಲು. ಅವರ ನೆಗಡಿ ಬೇಗ ವಾಸಿಯಾಗುವ ಲಕ್ಷಣವಿಲ್ಲ.

ಕರಿಯಕ್ಕ ಗಾರೆ ಕಲಸುತ್ತಾ ಹೇಳಿದಳು: "ಮಾರಣ್ಣ, ಗೋಡೆ ಕಟ್ಟಾಕ್ ಮುಂಚೆ ಈವಮ್ಮಂದಿರು ಒಂದಿನಾನೂ ಇಷ್ಟ್ ಮಾತಾಡಿರ್ನಿಲ್ಲ ಕಣ್ಲಾ." ಕರಿಯಕ್ಕನದು ಎಲ್ಲವೂ ಉತ್ಪ್ರೇಕ್ಷೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಕರಣೆ, ತೂಕದ ಗುಂಡು, ರಸಮಟ್ಟ ಎಲ್ಲಕ್ಕೂ ಕುಂಕುಮ ಹಚ್ಚಿ ಮಾರಣ್ಣ ಮನೆಯಲ್ಲಿಟ್ಟಿದ್ದಾನೆ. ಪೂಜೆ ಮಾಡಿದ ಆಯುಧ ಮುಟ್ಟುವಂತಿಲ್ಲವಾದ್ದರಿಂದ ಕಡೆಯ ಮೊಳದಲ್ಲಿ ಕಲ್ಲು ಕೂರಿಸಿ, ಮೇಲಿನ ಇಟ್ಟಿಗೆ ಹಾಕದೆ ಹಾಗೇ ಬಿಟ್ಟಿದ್ದಾನೆ. ಹಬ್ಬ ಮುಗಿದ ಮೇಲೆ ಮುಚ್ಚುತ್ತಾನಂತೆ. ಗೋಡೆ ಒಣಗಲಿ ಎಂದೂ ಹೇಳಿದ.

ಅಕ್ಟೋಬರ್ 2, ಗುರುವಾರ

ಹಾಲುಕ್ಕಿತು. ಅದನ್ನು ಉಕ್ಕಿತು ಅನ್ನಬೇಕೋ ನುಗ್ಗಿತು ಅನ್ನಬೇಕೋ.

ರಾಜಲಕ್ಷ್ಮಮ್ಮ ಮೊದಲ ಬಸ್ಸಿಗೇ ಹಾಜರು. ಅವರ ಎದುರು ಕಡಿಮೆಯಾಗಬಾರದೆಂದು ದೊಡ್ಡ ಪಾತ್ರೆಯ ತುಂಬ ಹಾಲಿಟ್ಟೆ. ಗ್ಯಾಸ್ ಲೈಟರ್ ಒತ್ತಿದೆ. ಟಕ್. ಮತ್ತೆ ಟಕ್. ಕಿಡಿಯಿಲ್ಲ. ಎಲ್ಲ ಕೊಂಡಿದ್ದೆ, ಬೆಂಕಿಪೊಟ್ಟಣವೊಂದನ್ನು ಬಿಟ್ಟು. ರಾಜಲಕ್ಷ್ಮಮ್ಮ ಗಂಟಲು ಸರಿಮಾಡಿಕೊಂಡರು. "ಮೊದಲ್ನೇ ದಿನವೇ ಒಲೆ ಹತ್ಲಿಲ್ಲ ಅಂದ್ರೆ..." ಎಂದು ಶುರು ಮಾಡಿದರು.

ಆಗ ಕಿಂಡಿಯಿಂದ ಒಂದು ಕೈ ಬಂತು. ಕೈಯಲ್ಲಿ ಬೆಂಕಿಪೊಟ್ಟಣ. ಕಡ್ಡಿ ಗೀರಿ ಹಚ್ಚಿದೆ. ಹಾಲು ಪೂರ್ವ ದಿಕ್ಕಿಗೆ ಉಕ್ಕಬೇಕೆಂದು ಎಲ್ಲರೂ ಕಾಯುತ್ತಿದ್ದರೆ ಅದು ಎಲ್ಲ ದಿಕ್ಕಿಗೂ ಉಕ್ಕಿ, ಕಟ್ಟೆಯಿಂದ ನೆಲಕ್ಕಿಳಿದು, ಮಾರಣ್ಣ ಕೊಟ್ಟ ಇಳಿಜಾರು ವಾಟ ಹಿಡಿದು ನೆಟ್ಟಗೆ ಕಿಂಡಿಯ ಕಡೆ ಹರಿಯಿತು. ಕಡಪ ಕಲ್ಲಿನ ಮೇಲೆ ಜಾರಿ ಆ ಕಡೆಗೆ ಹೋಯಿತು.

"ಅಯ್ಯಯ್ಯೋ, ಗಡಿ ದಾಟ್ತಲ್ಲೇ!" ಎಂದರು ರಾಜಲಕ್ಷ್ಮಮ್ಮ.

ಗೋಡೆಯಾಚೆಯಿಂದ ಅತ್ತೆಯ ದನಿ: "ಬುಡೇ ರಾಜಿ. ಒಂದೇ ಖರ್ಚಲ್ಲಿ ಎರಡು ಮನೇಲೂ ಹಾಲುಕ್ತು. ಲೋಯ್ತಾ, ನೆಲ ನಾನೊರಿಸ್ತೀನಿ, ನೀನ್ ಪಾಯ್ಸಕ್ಕಿಡು. ಸಕ್ರೆ ಮಾತ್ರ ಕೈ ಬಿಟ್ಟು ಹಾಕು, ಮೆಣಸ್ನಕಾಯಿ ಬ್ಯಾಡ."

ಹಾಲೇಶ್ ಎರಡು ಕಡೆಯೂ ಪಾಯಸ ತಿಂದ. ಎರಡೂ ಒಂದೇ ಪಾತ್ರೆಯದು.

ನಾನು ಇವತ್ತಿನಿಂದ ಸ್ವತಂತ್ರಳು. ಅಂದುಕೊಂಡಷ್ಟು ವಿಶೇಷವೇನೂ ಅನ್ನಿಸಲಿಲ್ಲ. ಸುಸ್ತಾಗಿರಬೇಕು.

ಅಕ್ಟೋಬರ್ 7, ಮಂಗಳವಾರ

ಗೋಡೆ ಮುಟ್ಟಿ ನೋಡಿದೆ. ತುದಿಯಿಂದ ತುದಿಗೆ ಒಣ. ಉಪ್ಪು ಉದುರಿದ ಜಾಗವನ್ನು ಒಣ ಬ್ರಷ್ಷಿನಲ್ಲಿ ಉಜ್ಜಿದ್ದೇವೆ, ಮತ್ತೆ ಬಂದಿಲ್ಲ.

ಮಾರಣ್ಣನ ಫೋನು. "ಒಣಗೈತಾ ಮೇಡಂ? ಬಂದು ಆ ಕಿಂಡಿ ಮುಚ್ಬುಡ್ತೀನಿ."

"ಇನ್ನೂ ಹಸಿ ಮಾರಣ್ಣ" ಅಂದೆ.

ಇಂಥದ್ದರಲ್ಲಿ ಆತುರ ಒಳ್ಳೆಯದಲ್ಲ. ಆತುರದಿಂದಲೇ ಮೊದಲು ಕೆಟ್ಟದ್ದು.

ಅಕ್ಟೋಬರ್ 11, ಶನಿವಾರ

ಮಾರಣ್ಣ ಮತ್ತೆ ಫೋನು ಮಾಡಿದ. ಈ ಸಲ ದನಿಯಲ್ಲಿ ಕೆಲಸಗಾರನ ಮಾನದ ಪ್ರಶ್ನೆ ಇತ್ತು. "ಅಮ್ಮೋರ್ಗೂ ಮಾಡಿದ್ದೆ ಮೇಡಂ. ಅವ್ರೂ ಇನ್ನಾ ಹಸಿ ಅಂತಾರೆ. ಕಡಪ ಕೂತ್ಮೇಲೆ ಅದೆಂಗ್ ಹಸಿ ಇರ್ತದೆ? ನಾಳೆ ನಾನೇ ಬಂದು ಕೈಯಿಟ್ ನೋಡ್ತೀನಿ."

ಅತ್ತೆ ಯಾಕೆ ಹಾಗೆಂದರೋ. ಅವರ ಕಡೆ ಇನ್ನೂ ಒದ್ದೆಯಿರಬಹುದು, ವಯಸ್ಸಾದವರಿಗೆ ಕೈ ಬೇರೆ ತಣ್ಣಗಿರುತ್ತದೆ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ ಕಿಂಡಿಯ ಅಂಚಿನ ಇಟ್ಟಿಗೆ ಒದ್ದೆ. ಮಳೆಯಿಲ್ಲ, ಕರಲಿಲ್ಲ, ಕೆಳಗೆ ಕಲ್ಲಿದೆ. ನೀರು ಎಲ್ಲಿಂದ ಹತ್ತಿತು? ಮುಟ್ಟಿ ನೋಡಿದೆ. ಕೆಳಗಿನಿಂದ ಬಂದ ತೇವದ ಹಾಗಿರಲಿಲ್ಲ. ಮೇಲಿನಿಂದ ಹನಿ ಇಳಿದ ಗೆರೆಗಳಿದ್ದವು.

ಬಗ್ಗಿ ಕಿಂಡಿಯಲ್ಲಿ ನೋಡಿದೆ. ಆ ಕಡೆ ನೆಲದ ಮೇಲೆ ಚೊಂಬು. ಚೊಂಬಿನ ಪಕ್ಕ ಎರಡು ಪಾದ, ಹಿಮ್ಮಡಿಯ ಬಿರುಕು ಅರ್ಧಕ್ಕರ್ಧ ಕೂಡಿಕೊಂಡಿದೆ. ಒಂದು ಕೈ ಇಳಿದು ಬಂದು, ಚೊಂಬೆತ್ತಿಕೊಂಡು, ಇಟ್ಟಿಗೆಯ ಮೇಲೆ ಎಷ್ಟು ಬೇಕೋ ಅಷ್ಟೇ ನೀರು ಹಾಕಿತು. ದೇವರಿಗೆ ಅಭಿಷೇಕ ಮಾಡುವಷ್ಟು ಜೋಪಾನವಾಗಿ.

ನಾನು ಸದ್ದು ಮಾಡದೆ ಹಿಂದಕ್ಕೆ ಬಂದೆ.

ಅವರ ಕಡೆಯದು ಒದ್ದೆಯಾಗಿ ನನ್ನ ಕಡೆಯದು ಒಣಗಿದ್ದರೆ ಮಾರಣ್ಣನಿಗೆ ಅನುಮಾನ ಬರುತ್ತದೆ. ಅನುಮಾನ ಬಂದರೆ ಅವನು ನಾಲ್ಕು ಕಡೆ ಮಾತಾಡುತ್ತಾನೆ, ಕರಿಯಕ್ಕ ನಲವತ್ತು ಕಡೆ. ಮನೆಯ ಮರ್ಯಾದೆಯ ವಿಷಯ. ನನ್ನ ಚೊಂಬಿನಲ್ಲೂ ನೀರು ತುಂಬಿಕೊಂಡು, ನನ್ನ ಪಾಲಿನ ಇಟ್ಟಿಗೆಗೆ ಸುರಿದೆ. ಕೆಳಗೆ ಕಡಪ ಕಲ್ಲಿದೆ. ಯಾವ ನೀರೂ ಇನ್ನು ಗೋಡೆ ಹತ್ತುವುದಿಲ್ಲ, ಯಾರಿಗೂ ನಷ್ಟವಿಲ್ಲ.

ಮಾರಣ್ಣ ಬಂದ. ಆ ಕಡೆ ಅಂಗೈ ಒತ್ತಿದ. ಮನೆ ಸುತ್ತಿ ಬಂದು ಈ ಕಡೆ ಅಂಗೈ ಒತ್ತಿದ. ರಸಮಟ್ಟ ತೆಗೆದು ಇಟ್ಟು ನೋಡಿದ, ಅದಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ. ಕೊನೆಗೆ ಎದ್ದು ನಿಂತು, "ನನ್ ಸರ್ವೀಸಲ್ಲೇ ಇಂಥ ಗೋಡೆ ನೋಡಿರ್ಲಿಲ್ಲ" ಎಂದ. "ಮತ್ಯಾವಾಗ್ ಬರ್ಲಿ?"

"ದೀಪಾವಳಿ ಆಗ್ಲಿ."

ಎರಡೂ ಕಡೆಯಿಂದ, ಒಂದೇ ಉಸಿರಿಗೆ.

ಅವನು ಹೋದ ಮೇಲೆ ಕಿಂಡಿಯಿಂದ ಖಾಲಿ ಬಟ್ಟಲು ಬಂತು. ನೆಗಡಿಯಂತೆ, ಇನ್ನೂ.